ಬೆಳ್ಳಗಾಗಿಸುವ ಕ್ರೀಮು, ಬಾತುಕೊಂಡ ಕಾಲು



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನದು. ಈ ಸಲದ ಒಂದು ಅರ್ಜಿಯ ಬಗ್ಗೆ ನಿಮಗೆ ಹೇಳಲೇಬೇಕು. ಇಪ್ಪತ್ತೆರಡರ ಹುಡುಗಿ. ಮುಖ, ಕಾಲು ಬಾತುಕೊಂಡಿದ್ದವು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಸಕ್ಕರೆ ಕಾಯಿಲೆಯಿಲ್ಲ, ಬಿಪಿ ಇಲ್ಲ. "ಮುಖಕ್ಕೆ ಏನಾದರೂ ಹಚ್ಚುತ್ತೀಯೇನಮ್ಮಾ?" ಎಂದು ವೈದ್ಯರು ಕೇಳಿದಾಗಲೇ ಕಾರಣ ಹೊರಬಿದ್ದದ್ದು. ಹೆಣ್ಣು ನೋಡಲು ಬಂದವರು ಬಣ್ಣ ಸ್ವಲ್ಪ ಕಡಿಮೆ ಎಂದಿದ್ದರಂತೆ. ತಾಯಿ ಪಾರ್ಲರ್ ಒಂದರಿಂದ ತಯಾರಕರ ಹೆಸರೇ ಇಲ್ಲದ ಡಬ್ಬಿ ತಂದುಕೊಟ್ಟಿದ್ದರು. ಪರೀಕ್ಷಿಸಿದಾಗ ಅದರಲ್ಲಿ ಪಾದರಸವಿತ್ತು. "ನನ್ನ ಕೈಯಾರೆ ಕೊಟ್ಟೆನಲ್ಲ ಅಣ್ಣಾ" ಎಂದು ಆ ತಾಯಿ ಅತ್ತರು.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಪಾದರಸದ ಲವಣಗಳು ಅದರ ಉತ್ಪತ್ತಿಯನ್ನು ತಡೆಯುವುದರಿಂದ ಮುಖ ಬೇಗ ತಿಳಿಯಾಗುತ್ತದೆ. ಆದರೆ ಅದೇ ಪಾದರಸ ಚರ್ಮದ ಮೂಲಕ ರಕ್ತ ಸೇರಿ, ಮೂತ್ರಪಿಂಡದ ಸೋಸುವ ಪೊರೆಯನ್ನು ಕೆಡಿಸಬಲ್ಲದು. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಈ ಪೊರೆಯ ಕಾಯಿಲೆಯ 22 ಪ್ರಕರಣಗಳನ್ನು ಕಂಡರು. ಅವುಗಳಲ್ಲಿ 15 'ನೆಲ್-1' ಎಂಬ ಅಪರೂಪದ ಬಗೆಯವು. ಆ 15 ಮಂದಿಯಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಬಳಸಿದ್ದರು.

ಎಲ್ಲ ಕ್ರೀಮುಗಳಲ್ಲೂ ಪಾದರಸವಿರುವುದಿಲ್ಲ. ನಮ್ಮ 2020ರ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ತಾನಾಗಿ ಸೇರಿದರೂ ಹತ್ತು ಲಕ್ಷಕ್ಕೆ ಒಂದು ಭಾಗ ಮೀರಬಾರದು. ಇನ್ನೊಂದು ಅಪಾಯ ಸ್ಟೀರಾಯ್ಡ್ ಕ್ರೀಮು. ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ, ಕೂದಲು ಏಳುತ್ತವೆ.

ಮಾರಾಟದ ಜಾಣತನವನ್ನೂ ಗಮನಿಸಿ. ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಸೂಚಿಸಿತು. ಈಗ 'ಫೇರ್' ಹೋಗಿ 'ಗ್ಲೋ', 'ಬ್ರೈಟ್' ಬಂದಿವೆ. ಅತ್ತ ಯುರೋಪು, ಅಮೆರಿಕದಲ್ಲಿ ಬಿಳಿಯರು ಕಂದುಬಣ್ಣಕ್ಕಾಗಿ ಅತಿನೇರಳೆ ದೀಪದ ಹಾಸಿಗೆಯಲ್ಲಿ ಮಲಗುತ್ತಾರೆ. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲೇ ಸಾರಿದೆ. ಇದ್ದ ಬಣ್ಣ ಸಾಲದೆಂದು ನಂಬಿಸುವ ವ್ಯಾಪಾರ ಎರಡೂ ಕಡೆ ಒಂದೇ.

ನಿಮ್ಮ ಮನೆಯಲ್ಲಿ ಇಷ್ಟು ಮಾಡಿ. ತಯಾರಕರ ವಿಳಾಸ, ಲೈಸೆನ್ಸ್ ನಂಬರ್ ಇಲ್ಲದ ಡಬ್ಬಿ ಕೊಳ್ಳಬೇಡಿ. 'ಮರ್ಕ್ಯುರಿ', 'ಕ್ಯಾಲೊಮೆಲ್' ಎಂದಿದ್ದರೆ, 'ಚಿನ್ನ, ಬೆಳ್ಳಿಗೆ ತಾಗಿಸಬೇಡಿ' ಎಂಬ ಸೂಚನೆಯಿದ್ದರೆ ದೂರವಿಡಿ. ಕ್ರೀಮು ಹಚ್ಚುವವರಿಗೆ ಬಾವು ಬಂದರೆ, ಮೂತ್ರ ನೊರೆನೊರೆಯಾದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್ ಬಳಸುತ್ತಿದ್ದವರು ಚರ್ಮವೈದ್ಯರನ್ನು ಕೇಳಿಯೇ ನಿಲ್ಲಿಸಿ.

ಕ್ರೀಮು ಬಿಟ್ಟ ಮೇಲೆ ಹುಡುಗಿಯ ಬಾವು ಇಳಿಯುತ್ತಿದೆ. ಆದರೂ ಔಷಧಿ, ಪರೀಕ್ಷೆಗಳು ಇನ್ನೂ ಕೆಲವು ತಿಂಗಳು ನಡೆಯಬೇಕು. ತಂದೆಯೊಬ್ಬರ ಹೋಟೆಲ್ ಕೆಲಸದ ಸಂಬಳದಲ್ಲಿ ಅದು ಸಾಗದು. ದಯವಿಟ್ಟು ಕೈಲಾದಷ್ಟು ನೆರವನ್ನು ವೈದ್ಯಕೀಯ ನಿಧಿಗೆ ನೀಡಿ. ಸಂಘದ ಕಚೇರಿಯಲ್ಲಿ ರಸೀದಿ ಪಡೆಯಲು ಮರೆಯದಿರಿ.