ಒಂದೇ ಕವರಿನಲ್ಲಿ ಮೂರು ಊರಿನ ಮಾತ್ರೆ

ಗುಬ್ಬಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಟ್ಟ ಬಿಪಿ ಮಾತ್ರೆ, ತುಮಕೂರಿನ ತಜ್ಞರು ಬರೆದ ಇನ್ನೊಂದಿಷ್ಟು, ಮಂಡಿನೋವಿಗೆಂದು ಬಸ್ ಸ್ಟ್ಯಾಂಡಿನ ಮೆಡಿಕಲ್ಸ್‌ನಲ್ಲಿ ಕೇಳಿ ತಂದದ್ದು. ಕುಣಿಗಲ್ ಕಡೆಯವರಾದರೆ ಬೆಂಗಳೂರಿನದೋ ಬೆಳ್ಳೂರಿನದೋ ಚೀಟಿಯೂ ಜೊತೆಗಿರುತ್ತದೆ. ಬರೆದವರಲ್ಲಿ ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿರುವುದಿಲ್ಲ. ಎಲ್ಲವೂ ಸೇರುವುದು ಮನೆಯ ಪ್ಲಾಸ್ಟಿಕ್ ಕವರಿನಲ್ಲಿ, ಆಮೇಲೆ ಎಪ್ಪತ್ತು ದಾಟಿದವರ ಹೊಟ್ಟೆಯಲ್ಲಿ.

ಆ ಕವರನ್ನು ಒಮ್ಮೆ ಚಾಪೆಯ ಮೇಲೆ ಸುರಿದು ನೋಡಬೇಕು. ಒಂದು ಶೀಟಿನ ಮೇಲೆ ದಪ್ಪಕ್ಷರದಲ್ಲಿ ಕಂಪನಿ ಇಟ್ಟ ಹೆಸರು, ಕೆಳಗೆ ಸಣ್ಣದಾಗಿ ಬಿಪಿ ಔಷಧದ ಮೂಲ ಹೆಸರು, ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಇನ್ನೊಂದರ ಹೆಸರು ಬೇರೆ, ಬಣ್ಣ ಬೇರೆ, ಕೆಳಗೆ ಮಾತ್ರ ಅದೇ ಟೆಲ್ಮಿಸಾರ್ಟನ್. ಅಜ್ಜಿ ನಂಬಿಕೆಯಿಂದ ಎರಡನ್ನೂ ನುಂಗುತ್ತಾರೆ. ಬೆಳಗಿನ ಜಾವ ಎದ್ದಾಗ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿದರೆ ‘ವಯಸ್ಸಾಯ್ತಲ್ಲ’ ಅನ್ನುತ್ತೇವೆ. ಮಾತ್ರೆಯ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ನನಗೆ ಹೆಚ್ಚು ಹೆದರಿಕೆ ನೋವಿನ ಮಾತ್ರೆಯದು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್‌ನಂಥವು ಮಂಡಿಗೆ ಆರಾಮ ಕೊಡುತ್ತವೆ, ನಿಜ. ಆದರೆ ಜಠರದಲ್ಲಿ ಹುಣ್ಣು ಮಾಡಬಲ್ಲವು, ಬಿಪಿ ಏರಿಸಬಲ್ಲವು. ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಸೇರಿದರೆ ಮೂತ್ರಪಿಂಡಕ್ಕೇ ಪೆಟ್ಟು.

ಶುಗರ್ ಮಾತ್ರೆಯ ಕಥೆ ಬೇರೆ. ವಯಸ್ಸಾದ ಮೂತ್ರಪಿಂಡ ಔಷಧವನ್ನು ಬೇಗ ಹೊರಹಾಕದು, ಅದು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಹಿರಿಯರಿಗೆ ತರವಲ್ಲದ ಔಷಧಗಳ ಪಟ್ಟಿ ಮಾಡಿದರು. ಆ ಪಟ್ಟಿಯ 2023ರ ಆವೃತ್ತಿಯಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆಯೂ ಇದೆ. ಶಿವರಾತ್ರಿಯಂದು ಉಪವಾಸವಿದ್ದೂ ಇಂಥ ಮಾತ್ರೆ ನುಂಗಿದರೆ ಸಕ್ಕರೆ ಕುಸಿದು ಬೆವರು, ನಡುಕ, ಮಾತಿನಲ್ಲಿ ಗೊಂದಲ. ಅದನ್ನು ಅರಳು ಮರಳು ಎಂದುಕೊಳ್ಳುವ ಮೊದಲು ಶುಗರ್ ನೋಡಿ.

ಮಾಡಬೇಕಾದ್ದು ಕಷ್ಟದ್ದಲ್ಲ. ಲೇಹ್ಯ, ಚೂರ್ಣವೂ ಸೇರಿದಂತೆ ಆ ಕವರನ್ನೇ ಒಬ್ಬ ವೈದ್ಯರ ಮೇಜಿನ ಮೇಲಿಟ್ಟು ‘ಇದರಲ್ಲಿ ಯಾವುದು ಬೇಕು, ಯಾವುದು ಬೇಡ?’ ಎಂದು ಕೇಳಿ. ಹೆದರಿಕೊಂಡು ಬಿಪಿ, ಹೃದಯದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಅದೂ ಅಪಾಯ. ಅಂಗಡಿಯವರು ಶೀಟನ್ನು ಕತ್ತರಿಸಿ ಕೊಡುವಾಗ ಹೆಸರು, ಅವಧಿ ಮುಗಿಯುವ ತಾರೀಕು ಇರುವ ತುದಿ ಅಲ್ಲೇ ಉಳಿದುಬಿಡುತ್ತದೆ. ಅದನ್ನು ಬರೆಸಿಕೊಳ್ಳಿ, ಬಿಲ್ ಕೇಳಿ. 2008ರಲ್ಲಿ ಶುರುವಾದ ಜನೌಷಧಿ ಕೇಂದ್ರಗಳಲ್ಲಿ ಔಷಧದ ಮೂಲ ಹೆಸರೇ ಎದ್ದು ಕಾಣುತ್ತದೆ, ಹೋಲಿಸಿ ನೋಡಲು ಸುಲಭ.

ಮಾತ್ರೆಯಿಂದ ತೊಂದರೆಯಾಯಿತು ಅನ್ನಿಸಿದರೆ ಮೊದಲು ವೈದ್ಯರ ಬಳಿ ಹೋಗಿ. ಆಮೇಲೆ 1800-180-3024ಕ್ಕೆ ಫೋನ್ ಮಾಡಿ ವರದಿ ಮಾಡಿ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ ಅದು. ರೋಗಿಯ ಮನೆಯವರೂ ದೂರು ದಾಖಲಿಸಬಹುದು.