ಹಳೆ ಗೇಮ್ ಸಿ.ಡಿ.ಗೆ ಎರಡು ಕೌಂಟರು, ಎರಡು ರೇಟು

ಹೊಸೂರು: ಸಂತೆಯಲ್ಲಿ ಬೆಳಿಗ್ಗೆ ಒಂದು ರೇಟಿಗೆ ಹೋದ ಟೊಮೆಟೊ ಸಂಜೆಗೆ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮೂರೂವರೆ ಸಾವಿರ ಕೊಟ್ಟು ತಂದ ವಿಡಿಯೊ ಗೇಮ್ ಸಿ.ಡಿ.ಯೂ ವರ್ಷ ತುಂಬುವುದರೊಳಗೆ ಟೊಮೆಟೊದ ಹಾದಿಯನ್ನೇ ಹಿಡಿಯುತ್ತದೆ ಎಂಬುದು ಇಲ್ಲಿನ ಒಬ್ಬ ಕಾಲೇಜು ಹುಡುಗನಿಗೆ ಗೊತ್ತಾಗಿದ್ದು, ಅವನ್ನು ಮಾರಲು ಬೆಂಗಳೂರಿಗೆ ಹೋದಾಗ.

ಅಪ್ಪ ಸಿಪ್ಕಾಟ್‌ನ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಅಣ್ಣನಿಗೆ ಕೊಯಮತ್ತೂರಿನಲ್ಲಿ ನೌಕರಿ. ಅಣ್ಣತಮ್ಮ ಇಬ್ಬರೂ ಸೇರಿ ಹಬ್ಬದ ಕಾಸು, ಅಣ್ಣನ ಓಟಿ ಕಾಸು ಕೂಡಿಹಾಕಿ ಆರೇಳು ವರ್ಷದಲ್ಲಿ ಜೋಡಿಸಿಕೊಂಡಿದ್ದು 14 ಸಿ.ಡಿ. (ಹೆಸರಿಗೆ ಬ್ಲೂ-ರೇ ಡಿಸ್ಕ್, ಎಲ್ಲರ ಬಾಯಲ್ಲೂ ಸಿ.ಡಿ.ಯೇ.) ಕೊನೆ ಸೆಮಿಸ್ಟರಿನ ಫೀಸಿಗೆ ಆರು ಸಾವಿರ ಕಮ್ಮಿ ಬಿತ್ತು. "ಆ ಆಟದ ಸಿ.ಡಿ.ಗಳು ಸುಮ್ಕೆ ಕೂತವಲ್ಲ, ಅವನ್ನಾದ್ರೂ ಮಾರ್ಬಾರ್ದಾ?" ಅಂದರಂತೆ ಅಪ್ಪ. ಸಿಟ್ಟಿನಿಂದ ಅಂದಿದ್ದಲ್ಲ, ಲೆಕ್ಕ ಹಾಕಿ ಅಂದಿದ್ದು. ಹಾಗಾಗಿ ಹುಡುಗನಿಗೆ ಎದುರು ಮಾತಾಡಲು ಆಗಲಿಲ್ಲ. ಶಾಲೆ ಬ್ಯಾಗಿಗೆ 14 ಡಬ್ಬಿ ತುಂಬಿಕೊಂಡು, ಅತ್ತಿಬೆಲೆ ದಾಟಿ, 40 ಕಿ.ಮೀ. ಆಚೆಯ ಬೆಂಗಳೂರಿಗೆ ಬಸ್ಸು ಹತ್ತಿದ.

ಬೋರ್ಡಿನ ಮೇಲಿನ ದರ

ಮೊದಲು ಹೋಗಿದ್ದು ದೊಡ್ಡ ಮಳಿಗೆಗೆ. ಹತ್ತಾರು ಊರುಗಳಲ್ಲಿ ಶಾಖೆ ಇರುವ, ಎ.ಸಿ. ಹಾಕಿದ ಅಂಗಡಿ. ಅಲ್ಲಿ ಚೌಕಾಸಿ ಎಂಬುದೇ ಇಲ್ಲ. ಹೊಸೂರಿನ ಉಳವರ್ ಸಂದೈನಲ್ಲಿ ದಿನದ ದರ ಬೋರ್ಡಿನ ಮೇಲೆ ಬರೆದಿರುತ್ತದಲ್ಲ, ಹಾಗೆ. ಸಿ.ಡಿ. ಡಬ್ಬಿಯ ಮೇಲಿನ ಗೆರೆಪಟ್ಟಿಯನ್ನು ಯಂತ್ರಕ್ಕೆ ತೋರಿಸಿದರೆ ಕಂಪ್ಯೂಟರು ರೇಟು ಹೇಳುತ್ತದೆ. ಕೌಂಟರಿನ ಹುಡುಗ ಅದನ್ನು ಓದಿ ಹೇಳುತ್ತಾನೆ, ಅಷ್ಟೇ. ಅವನಿಗೆ ಹತ್ತು ರೂಪಾಯಿ ಹೆಚ್ಚು ಮಾಡುವ ಅಧಿಕಾರವಿಲ್ಲ, ಕಮ್ಮಿ ಮಾಡುವ ಅಧಿಕಾರವೂ ಇಲ್ಲ. ಗುರುತಿನ ಚೀಟಿ ಕೇಳಿದರು. ಕದ್ದ ಮಾಲು ಬರಬಾರದು ಅಂತ. ಅದು ನ್ಯಾಯವೇ.

14ರಲ್ಲಿ ಒಂಬತ್ತನ್ನು ತಗೊಳ್ತೀವಿ ಅಂದರು. ಐದು ವಾಪಸ್. ಒಂದಕ್ಕೆ ಡಬ್ಬಿ ಇಲ್ಲ, ಎರಡಕ್ಕೆ ಗೀರು, ಇನ್ನೆರಡು ಕಂಪ್ಯೂಟರಿನ ಪಟ್ಟಿಯಲ್ಲೇ ಇಲ್ಲ. ಒಂಬತ್ತಕ್ಕೆ ವೋಚರ್ ಆದರೆ 5,600, ನಗದು ಆದರೆ 4,150.

ತಿರುಳಿರುವುದು ಇಲ್ಲೇ. ವೋಚರ್ ತಗೊಂಡರೆ ಅದೇ ಅಂಗಡಿಯಲ್ಲಿ ಇನ್ನೇನಾದರೂ ಕೊಳ್ಳಬೇಕು. ಆಟ ಬದಲಾಯಿಸಲು ಬಂದವನಿಗೆ ಅದು ಲಾಭವೇ. ಮನೆಯಲ್ಲಿ ದುಡ್ಡು ಬೇಕಾಗಿ ಬಂದವನಿಗೆ? ಕಾಲೇಜಿನ ಆಫೀಸಿನಲ್ಲಿ ವೋಚರ್ ಕೊಟ್ಟು ಫೀಸು ಕಟ್ಟುವುದುಂಟೆ! ಕಷ್ಟಕ್ಕೆ ಮಾರುವವನಿಗೇ ಕಮ್ಮಿ ರೇಟು ಸಿಗುವ ವ್ಯವಸ್ಥೆ ಇದು. ಅಂಗಡಿಯವರು ಮೋಸ ಮಾಡಿದರು ಎನ್ನುವಂತಿಲ್ಲ, ಎರಡು ದರವನ್ನೂ ಮುಖದ ಮೇಲೇ ಹೇಳುತ್ತಾರೆ.

ಹುಡುಗ ಒಂದೊಂದರ ರೇಟನ್ನೂ ಚೀಟಿಯಲ್ಲಿ ಬರೆದುಕೊಂಡು, ಬ್ಯಾಗು ಹೆಗಲಿಗೇರಿಸಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ಗೆ ಬಂದ.

"ಇದನ್ನ ಅವ್ರಿಗೇ ಕೊಡು ಮರಿ"

ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಕಡೆಯ ಇಕ್ಕಟ್ಟಿನ ಅಂಗಡಿಗಳು ಹೊಸೂರಿನ ಹುಡುಗರಿಗೆ ಹೊಸವಲ್ಲ. ಪಿ.ಎಸ್.2 ಕಾಲದಲ್ಲಿ ಮಿಷನ್ನಿಗೆ 'ಚಿಪ್' ಹಾಕಿಸಲು, ಕಾಪಿ ಸಿ.ಡಿ. ತರಲು ಜನ ಬರುತ್ತಿದ್ದುದು ಇಂಥ ಕಡೆಗೇ. ಆ ಕಳ್ಳ ಕಾಪಿ ಕಾಲ ಪಿ.ಎಸ್.3, ಪಿ.ಎಸ್.4 ಬಂದ ಮೇಲೆ ಹೆಚ್ಚುಕಮ್ಮಿ ಮುಗಿಯಿತು. ಅಸಲಿ ಸಿ.ಡಿ.ಯೇ ಬೇಕು, ಅಸಲಿಗೆ ಸಾವಿರಗಟ್ಟಲೆ ಬೆಲೆ. ಹಾಗಾಗಿಯೇ ಹಳೆ ಸಿ.ಡಿ.ಗೆ ಬೆಲೆ ಬಂತು, ಕಾಪಿ ಮಾರುತ್ತಿದ್ದವರಲ್ಲಿ ಕೆಲವರು ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳಾದರು.

ಇಲ್ಲಿ ಕಂಪ್ಯೂಟರಿಲ್ಲ. ಅಂಗಡಿಯ ಹಿರಿಯ ಪ್ರತಿ ಸಿ.ಡಿ.ಯನ್ನೂ ಟ್ಯೂಬ್‌ಲೈಟಿಗೆ ಓರೆ ಹಿಡಿದು ನೋಡಿದರು. ಡಬ್ಬಿಯಿಲ್ಲದ್ದಕ್ಕೆ ಅಂಗಡಿಯ ಖಾಲಿ ಡಬ್ಬಿಯೇ ಆಯಿತು. ಗೀರು ಬಿದ್ದದ್ದನ್ನು ಮಿಷನ್ನಿಗೆ ಹಾಕಿ ಓಡಿಸಿ ನೋಡಿದರು. ಗೀರಿನ ವಿಷಯದಲ್ಲಿ ಒಂದು ಮಾತು. ಹಳೆ ಡಿ.ವಿ.ಡಿ.ಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿ.ಮೀ. ಒಳಗಿರುತ್ತಿತ್ತು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೂ ಎಷ್ಟೋ ಸಲ ಓಡುತ್ತಿತ್ತು. ಬ್ಲೂ-ರೇಯಲ್ಲಿ ಅದು ಬರೇ 0.1 ಮಿ.ಮೀ. ಒಳಗೆ. ಮೇಲಿನ ಲೇಪ ಗಟ್ಟಿ, ಸುಲಭಕ್ಕೆ ಗೀರಾಗದು. ಆದರೆ ಆಳವಾಗಿ ಗೀರಿದರೆ ಉಜ್ಜಿ ಸರಿಮಾಡುವುದಿಲ್ಲ, ಹೋಯ್ತು ಅಂತಲೇ ಲೆಕ್ಕ. ಹಳೆ ಉಪಾಯ ಹೂಡಿ ಸಿ.ಡಿ. ಕೆಡಿಸಿಕೊಂಡವರು ಬೇಕಾದಷ್ಟಿದ್ದಾರೆ.

"ಎಲ್ಲಾ ಸೇರ್ಸಿ ನಾಲ್ಕೂವರೆ ಕೊಡ್ತೀನಿ ಮರಿ."

"ಏನಣ್ಣ, ಅಲ್ಲಿ ಒಂಬತ್ತಕ್ಕೇ ನಾಲ್ಕು ಸಾವ್ರದ ನೂರೈವತ್ತು ಹೇಳವ್ರೆ!"

ಚೀಟಿ ಕೈ ಬದಲಾಯಿತು. ಹಿರಿಯರು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ನಾಲ್ಕು ಸಿ.ಡಿ.ಗಳನ್ನು ಆಚೆ ಸರಿಸಿ, "ಇದು ನಾಲ್ಕು ಹೊಸವು, ಓಡೋ ಮಾಲು. ಅವ್ರು 2,600 ಕೊಡ್ತಾರೆ, ನಂಗೆ ಗಿಟ್ಟಲ್ಲ. ಇದನ್ನ ಅವ್ರಿಗೇ ಕೊಡು ಮರಿ. ಮಿಕ್ಕಿದ್ದು ನಂಗೆ ಬಿಡು" ಅಂದರು. ಮಿಕ್ಕ ಹತ್ತರಲ್ಲಿ ಒಂಬತ್ತಕ್ಕೆ 3,100 ರೂಪಾಯಿ ಎಣಿಸಿಕೊಟ್ಟರು. ಅದರಲ್ಲಿ ದೊಡ್ಡ ಮಳಿಗೆ ಬೇಡವೆಂದ ನಾಲ್ಕೂ ಸೇರಿತ್ತು.

ಎಲ್ಲ ಸಣ್ಣ ಅಂಗಡಿಗಳೂ ಹೀಗೇ ಎಂದು ನಂಬಿ ಹೋಗುವಂತಿಲ್ಲ. "ಇಟ್ಟು ಹೋಗು, ಮಾರಾಟ ಆದ್ಮೇಲೆ ಕಾಸು ಕೊಡ್ತೀನಿ" ಎಂದವರ ಹತ್ತಿರ ಮೂರು ಸಲ ಓಡಾಡಿ, ಬಸ್ ಚಾರ್ಜಿಗೇ ಸಿ.ಡಿ. ಬೆಲೆ ಕಳೆದುಕೊಂಡ ಹುಡುಗರೂ ಇದೇ ಊರಲ್ಲಿದ್ದಾರೆ. ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ. ಕೊಳ್ಳುವವರಿಗಂತೂ, ಅದರಲ್ಲೂ ಮಿಷನ್ ಕೊಳ್ಳುವವರಿಗೆ, ವಾರಂಟಿ ಕೊಡುವ ದೊಡ್ಡ ಮಳಿಗೆಯೇ ವಾಸಿ. ಬಿಡಿ ಸಿ.ಡಿ. ಮಾರಲು, ಅದೂ ಹಳೆಯವಾದರೆ, ಸಣ್ಣ ಅಂಗಡಿ.

ಲಾಭವೆಲ್ಲ ಹಳೆಯದರಲ್ಲಿ

ಹಳೆ ಸಿ.ಡಿ.ಗೆ ಇಷ್ಟು ದೊಡ್ಡ ಕಂಪನಿಗಳು ಯಾಕೆ ಆಸೆ ಬೀಳುತ್ತವೆ? ಹೊಸ ಆಟ ಮಾರಿದರೆ ಅಂಗಡಿಗೆ ಉಳಿಯುವುದು ಅಲ್ಪ, ಬಹುಪಾಲು ಆಟ ಮಾಡಿದ ಕಂಪನಿಗೆ ಹೋಗುತ್ತದೆ. ಹಳೆಯದನ್ನು ಎಷ್ಟಕ್ಕೆ ಕೊಳ್ಳಬೇಕು, ಎಷ್ಟಕ್ಕೆ ಮಾರಬೇಕು ಎಂಬುದೆಲ್ಲ ಅಂಗಡಿಯ ಕೈಯಲ್ಲೇ. ಅಮೆರಿಕದ ಗೇಮ್‌ಸ್ಟಾಪ್ ಕಂಪನಿಯ ಲೆಕ್ಕಪತ್ರದಲ್ಲಿ 2010ರ ಆಸುಪಾಸಿನಲ್ಲಿ ಹೊಸ ಆಟಗಳ ಒಟ್ಟು ಲಾಭಾಂಶ ನೂರಕ್ಕೆ 20ರಷ್ಟಿದ್ದರೆ, ಹಳೆ ಮಾಲಿನದು 45ಕ್ಕೂ ಮೇಲೆ.

ಈ ದಂಧೆಯ ಬೇರು ಇರುವುದೂ ಸಣ್ಣ ಅಂಗಡಿಯಲ್ಲೇ ಎಂಬುದು ತಮಾಷೆ. ಅಮೆರಿಕದ ಮಿನ್ನೆಸೋಟದಲ್ಲಿ 1988ರಲ್ಲಿ ಅಂಚೆ ಮೂಲಕ ಹಳೆ ಆಟ ಮಾರಲು ಶುರುವಾದದ್ದು ಫಂಕೋಲ್ಯಾಂಡ್. ಅದು ಪ್ರತಿ ಆಟದ ದರವನ್ನೂ ಪತ್ರಿಕೆ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚುತ್ತಿತ್ತು, ನಮ್ಮಲ್ಲಿ ಧಾರಣೆ ಪಟ್ಟಿ ಬರುವ ಹಾಗೆ. 2000ರಲ್ಲಿ ಪುಸ್ತಕ ಮಾರುವ ಬಾರ್ನ್ಸ್ ಅಂಡ್ ನೋಬಲ್ ಅದನ್ನು ಕೊಂಡಿತು. ಅದರಿಂದ ಬೆಳೆದ ಗೇಮ್‌ಸ್ಟಾಪ್ 2005ರಲ್ಲಿ ಇನ್ನೊಂದು ದೊಡ್ಡ ಸರಣಿಯಾದ ಎಲೆಕ್ಟ್ರಾನಿಕ್ಸ್ ಬೂಟೀಕ್ ಅನ್ನೂ ಸೇರಿಸಿಕೊಂಡಿತು. 2017ರಲ್ಲಿ ಅಲ್ಲಿನ ಕೆಲಸಗಾರರೇ ಬಾಯಿ ಬಿಟ್ಟರು: ಹಳೆ ಮಾಲು ಇಷ್ಟು ಮಾರಲೇಬೇಕು ಎಂಬ ಒತ್ತಡಕ್ಕೆ, ಹೊಸದು ಸ್ಟಾಕಿದ್ದರೂ ಇಲ್ಲ ಎಂದು ಗಿರಾಕಿಗೆ ಹೇಳಬೇಕಾಗುತ್ತಿತ್ತು ಎಂದು. 2021ರ ಜನವರಿಯಲ್ಲಿ ಇದೇ ಕಂಪನಿಯ ಷೇರು ದಿಢೀರನೆ 483 ಡಾಲರಿಗೆ ಏರಿ ಜಗತ್ತೆಲ್ಲ ಸುದ್ದಿಯಾಯಿತು. ಅಂಗಡಿಗಳಿಗೆ ಅದರಿಂದ ಜೀವ ಬರಲಿಲ್ಲ. 2025ರ ಫೆಬ್ರುವರಿ 1ಕ್ಕೆ ಮುಗಿದ ಲೆಕ್ಕದ ವರ್ಷವೊಂದರಲ್ಲೇ ಅಮೆರಿಕದಲ್ಲಿ 590 ಅಂಗಡಿ ಮುಚ್ಚಿದವು.

ಆಟ ಮಾಡುವ ಕಂಪನಿಗಳಿಗಂತೂ ಹಳೆ ಸಿ.ಡಿ. ವ್ಯಾಪಾರ ಕಂಡರಾಗದು. ಒಂದು ಸಿ.ಡಿ. ನಾಲ್ಕು ಕೈ ಬದಲಾದರೂ ಅವರಿಗೆ ಕಾಸು ಸಿಗುವುದು ಒಂದೇ ಸಲ. ಜಪಾನಿನಲ್ಲಿ ಕೋರ್ಟಿಗೇ ಹೋದರು. 2002ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಒಮ್ಮೆ ಮಾರಿದ ಮೇಲೆ ಮರುಮಾರಾಟ ತಡೆಯುವ ಹಕ್ಕು ನಿಮಗಿಲ್ಲ ಎಂದಿತು. 2010ರಲ್ಲಿ ಇ.ಎ. ಕಂಪನಿ ಒಂದೇ ಸಲ ನಡೆಯುವ 'ಆನ್‌ಲೈನ್ ಪಾಸ್' ಕೋಡು ಇಟ್ಟಿತು. ಹಳೆ ಸಿ.ಡಿ. ಕೊಂಡವನು ಆನ್‌ಲೈನ್ ಆಡಬೇಕಾದರೆ ಮತ್ತೆ ದುಡ್ಡು ಕಟ್ಟಬೇಕು. 2013ರಲ್ಲಿ ಬೈಗುಳ ತಿಂದು ಕೈಬಿಟ್ಟಿತು. ಅದೇ ವರ್ಷ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಹಳೆ ಸಿ.ಡಿ.ಗೆ ಕಟ್ಟುಪಾಡು ಹಾಕಹೋಯಿತು. ಸೋನಿಯವರು ಸುಮ್ಮನಿರುತ್ತಾರೆಯೇ? ಪಿ.ಎಸ್.4 ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆ ಎಂದು ಪುಟ್ಟ ವಿಡಿಯೊ ಬಿಟ್ಟರು. ಒಬ್ಬ ಸಿ.ಡಿ. ಕೊಡುತ್ತಾನೆ, ಇನ್ನೊಬ್ಬ 'ಥ್ಯಾಂಕ್ಸ್' ಅನ್ನುತ್ತಾನೆ, ಮುಗಿಯಿತು! ಕೆಲವೇ ದಿನದಲ್ಲಿ, ಜೂನ್ 19ರಂದು, ಮೈಕ್ರೋಸಾಫ್ಟ್ ಹಿಂದೆ ಸರಿಯಿತು.

ಅಷ್ಟು ಅಣಕಿಸಿದ ಅದೇ ಸೋನಿ 2020ರಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲದ ಪಿ.ಎಸ್.5 ಮಾಡಿತು. ಭಾರತಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ಸಿ.ಡಿ. ಇರುವುದಕ್ಕೆ 49,990, ಇಲ್ಲದ್ದಕ್ಕೆ 39,990 ರೂಪಾಯಿ. ಹತ್ತು ಸಾವಿರ ಉಳಿಯಿತೆಂದು ಕೊಂಡವರು ಡೌನ್‌ಲೋಡ್ ಮಾಡಿದ ಆಟವನ್ನು ಯಾವ ಕೌಂಟರಿಗೂ ಒಯ್ಯುವಂತಿಲ್ಲ. ಡೌನ್‌ಲೋಡ್ ಆಟಕ್ಕೆ ಕಟ್ಟಿದ ಹಣ ಬರೇ ಆಡುವ ಅನುಮತಿಗೆ, ಸ್ವಂತಕ್ಕಲ್ಲ ಎಂದು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನೇ ಮಾಡಬೇಕಾಯಿತು. ಅದು 2025ರ ಜನವರಿಯಿಂದ ಜಾರಿಯಲ್ಲಿದೆ. ಫೀಸಿಗೆ ಕಮ್ಮಿ ಬಿದ್ದಾಗ ಬ್ಯಾಗಿಗೆ ತುಂಬಿಕೊಂಡು ಹೋಗಲು ಏನೂ ಇರುವುದಿಲ್ಲ.

ನಮ್ಮ ಹುಡುಗ ಮತ್ತೆ ಮೆಟ್ರೊ ಹತ್ತಿ ದೊಡ್ಡ ಮಳಿಗೆಗೆ ಹೋಗಿ ನಾಲ್ಕು ಸಿ.ಡಿ. ಕೊಟ್ಟು 2,600 ತಂದ. ಒಟ್ಟು 5,700. ಮಿಕ್ಕ ಮುನ್ನೂರನ್ನು ಅಪ್ಪ ಕೊಟ್ಟರು.

ಉಳಿದ ಒಂದು ಸಿ.ಡಿ. ಫಿಫಾ 17. ವರ್ಷಕ್ಕೊಂದು ಹೊಸದು ಬರುವ ಫುಟ್‌ಬಾಲ್ ಆಟಗಳಷ್ಟು ಬೇಗ ಬೆಲೆ ಇಳಿಯುವುದು ಬೇರೊಂದಿಲ್ಲ. ದೊಡ್ಡ ಮಳಿಗೆಯ ಪಟ್ಟಿಯಲ್ಲಿರಲಿಲ್ಲ. ಮೆಜೆಸ್ಟಿಕ್‌ನ ಹಿರಿಯರು 50 ರೂಪಾಯಿ ಅಂದಿದ್ದರು. "ಬ್ಯಾಡ ಬುಡಣ್ಣ" ಎಂದು ಹುಡುಗ ಅದನ್ನು ಬ್ಯಾಗಿಗೆ ಹಾಕಿಕೊಂಡ. ಅಣ್ಣ ಊರಿಗೆ ಬಂದಾಗ ಇಬ್ಬರೂ ಆಡುವುದು ಈಗ ಅದೊಂದನ್ನೇ. ಅದರಲ್ಲಿ ಮೆಸ್ಸಿ ಇನ್ನೂ ಬಾರ್ಸಿಲೋನಾದಲ್ಲೇ ಇದ್ದಾನೆ.