ಪ್ಲಾಸ್ಟಿಕ್ ಒಡಲಿನ ಸೂಕ್ಷ್ಮದರ್ಶಕ: ಉಪಕರಣದ ಆರೈಕೆ, ಕಣ್ಣಿನ ಎಚ್ಚರ

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದ ಭಿತ್ತಿಯಲ್ಲಿ ಮಲೇರಿಯಾದ ಪರಾವಲಂಬಿ ಜೀವಿಯನ್ನು ಕಂಡರು. ಆ ಬೇಸಗೆಯ ದುಡಿಮೆಯಲ್ಲಿ ಅವರ ಸೂಕ್ಷ್ಮದರ್ಶಕದ ತಿರುಪುಗಳು ಬೆವರಿನಿಂದ ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ನೇತ್ರಮಸೂರವೂ ಬಿರುಕು ಬಿಟ್ಟಿತ್ತು. ಲೋಹದ ಉಪಕರಣ ಅಷ್ಟನ್ನೂ ತಾಳಿಕೊಂಡಿತು. ಇಂದು ದ್ವಾರಕೆಯಿಂದ ನೋಯ್ಡಾದವರೆಗೆ ಮಕ್ಕಳ ಮೇಜಿನ ಮೇಲೆ ಕಾಣುವ ಪ್ಲಾಸ್ಟಿಕ್ ಒಡಲಿನ ಸೂಕ್ಷ್ಮದರ್ಶಕಕ್ಕೆ ತುಕ್ಕಿನ ಭಯವಿಲ್ಲ. ಅದರ ಶತ್ರುಗಳೇ ಬೇರೆ. ಅವುಗಳಲ್ಲಿ ಹಲವು ಶುಚಿತ್ವದ ವೇಷದಲ್ಲಿಯೇ ಬರುತ್ತವೆ.

ಮಸೂರ ಮಂಕಾಯಿತೆಂದರೆ ಮನೆಯವರ ಕೈ ಮೊದಲು ಹೋಗುವುದು ಸ್ಪಿರಿಟ್ಟಿನ ಸೀಸೆಗೆ, ಇಲ್ಲವೆ ಉಗುರಿನ ಬಣ್ಣ ತೆಗೆಯುವ ದ್ರವಕ್ಕೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸಿಯೇ ಬಿಡುತ್ತದೆ. ಅಗ್ಗದ ಉಪಕರಣಗಳಲ್ಲಿ ಮಸೂರವೂ ಪ್ಲಾಸ್ಟಿಕ್ಕಿನದೇ ಆಗಿರುವುದುಂಟು. ಅದರ ಮೇಲೆ ಸ್ಪಿರಿಟ್ ಸವರಿದರೆ ಕೂದಲೆಳೆಯಂತಹ ಬಿರುಕುಗಳು ಮೂಡಬಹುದು. ಬಟ್ಟಿ ಇಳಿಸಿದ ನೀರಿನಲ್ಲಿ ತುಸುವೇ ನೆನೆಸಿದ ಮೃದುವಾದ ಹತ್ತಿ ಸಾಕು. ಸೀರೆಯ ಸೆರಗು, ಪಂಚೆಯ ಅಂಚು ಬೇಡ. ಬೀರುವಿನಲ್ಲಿ ರೇಷ್ಮೆಯ ಪಕ್ಕದಲ್ಲಿಡುವವರು ನುಸಿಗುಳಿಗೆಯನ್ನೂ ದೂರವಿಡಬೇಕು. ಅದರ ಆವಿಗೆ ಪಾಲಿಸ್ಟೈರೀನ್ ಮೆತ್ತಗಾಗುತ್ತದೆ.

ದೆಹಲಿಯ ಹವೆಯಂತೂ ಸರದಿಯ ಪರೀಕ್ಷಕ. ಮೇ, ಜೂನ್ ತಿಂಗಳಲ್ಲಿ ಲೂ ಬೀಸಿ ಆಂಧಿ ಎದ್ದಾಗ ಮುಚ್ಚಿದ ಕಿಟಕಿಯ ಸಂದಿನಿಂದಲೂ ನುಣ್ಣನೆಯ ಧೂಳು ಒಳನುಗ್ಗುತ್ತದೆ. ಒಣಬಟ್ಟೆಯಿಂದ ಒರೆಸಿದಷ್ಟೂ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯೀ ವಿದ್ಯುತ್ತು ಹುಟ್ಟಿ ಮತ್ತಷ್ಟು ಧೂಳನ್ನು ಸೆಳೆಯುತ್ತದೆ. ಧೂಳಿನೊಳಗಿನ ಮರಳಿನ ಕಣ ಮಸೂರವನ್ನು ಗೀರುತ್ತದೆ. ಆದುದರಿಂದ ಮೊದಲು ಊದುವುದು, ಅನಂತರ ಒರೆಸುವುದು. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಚಾಂದನಿ ಚೌಕದ ಕೂಚಾ ಚೌಧರಿಯ ಕ್ಯಾಮೆರಾ ಪೇಟೆಯಲ್ಲಿ ದೊರೆಯುವ ರಬ್ಬರಿನ ಊದುಬುರುಡೆ ಇದಕ್ಕೆ ಒಳ್ಳೆಯದು.

ಜುಲೈ ಬಂತೆಂದರೆ ಬೂಷ್ಟಿನ ಕಾಲ. ತೇವ ತಂಗುವ ಕತ್ತಲೆಯ ಪೆಟ್ಟಿಗೆಯಲ್ಲಿ ಮಸೂರದ ಮೇಲೆ ಜೇಡನ ಬಲೆಯಂತೆ ಹಬ್ಬುವ ಈ ಶಿಲೀಂಧ್ರ ಗಾಜನ್ನೂ ಕೊರೆಯಬಲ್ಲದು. ಆ ಕಲೆ ಮತ್ತೆ ಹೋಗದು. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ತಿರುಗಿದೊಡನೆ ಬದಲಾಯಿಸಬೇಕು. ಹವಾನಿಯಂತ್ರಿತ ಕೋಣೆಯಿಂದ ಸೆಖೆಯ ವರಾಂಡಕ್ಕೆ ತಂದಾಗ ಮಸೂರದ ಮೇಲೆ ಹನಿಗಟ್ಟುವುದು ಸಹಜ. ಒರೆಸದೆ ಅರ್ಧ ಗಂಟೆ ಕಾಯುವುದೇ ಮದ್ದು.

ತಿರುಗುಗುಂಡಿಯ ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಬಲಾತ್ಕಾರವನ್ನು ಸಹಿಸವು. ಪಕ್ಕದಿಂದ ನೋಡುತ್ತ ವಸ್ತುಮಸೂರವನ್ನು ಗಾಜಿನ ಪಟ್ಟಿಯ ಸಮೀಪಕ್ಕೆ ತಂದು, ಬಳಿಕ ಕಣ್ಣಿಟ್ಟು ದೂರ ಸರಿಸುತ್ತ ಬಿಂಬವನ್ನು ಹುಡುಕಬೇಕು.

ಉಪಕರಣ ಕೆಟ್ಟರೆ ಇನ್ನೊಂದು ಬಂದೀತು; ಕಣ್ಣು ಬಾರದು. ಕೆಳಗಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದರೆ ಸೂರ್ಯನ ಕಿರಣ ಮಸೂರಗಳ ಮೂಲಕ ನೇರವಾಗಿ ಅಕ್ಷಿಪಟಲಕ್ಕೆ ಬಿದ್ದು ಅದನ್ನು ಸುಡಬಲ್ಲದು. ಸುಡುವಾಗ ನೋವಿಲ್ಲದಿರುವುದೇ ಇದರ ಅಪಾಯ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಬೆಳಕು ಬೇಕಾದರೆ ಉತ್ತರದ ಕಿಟಕಿ ಅಥವಾ ಮೇಜಿನ ದೀಪ. ಬಾಲ್ಕನಿಯ ಬಿಸಿಲು ಎಂದಿಗೂ ಅಲ್ಲ.

ದೀಪಕ್ಕೆ ಗುಂಡಿಯಾಕಾರದ ಸೆಲ್ ಹಾಕುವ ಮಾದರಿಗಳಲ್ಲಿ ಎಚ್ಚರ ಇನ್ನೂ ಹೆಚ್ಚು. ಬಳಸದ ದಿನಗಳಲ್ಲಿ ಸೆಲ್ಲುಗಳನ್ನು ತೆಗೆದು ಕೈಗೆಟುಕದಂತೆ ಇಡಬೇಕು. ಒಳಗೇ ಬಿಟ್ಟರೆ ಸೋರಿ ತಗಡನ್ನು ತಿನ್ನುತ್ತವೆ. ಅಣ್ಣನ ಮೇಜಿನಿಂದ ತಂಗಿಯ ಬಾಯಿ ಸೇರಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲವು. ನುಂಗಿರುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೊರಡದೆ, ಬೆಳಗಾಗಲೆಂದು ಕಾಯದೆ, ಆ ಗಳಿಗೆಯಲ್ಲಿಯೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಮಗುವನ್ನು ಒಯ್ಯಬೇಕು. ಅದೇ ಬಗೆಯ ಇನ್ನೊಂದು ಸೆಲ್ ಅಥವಾ ಅದರ ಹೊದಿಕೆ ಕೈಗೆ ಸಿಕ್ಕರೆ ಜೊತೆಗಿರಲಿ.